ಎರಡನೇ ಸ್ಥಾನದವನ 15 ಏಟು

ಫೈಟಿಂಗ್ ಗೇಮ್ ಟೂರ್ನಿಗಳ ಸುದ್ದಿಯಲ್ಲಿ ಈಗ ಮೊದಲು ಕಾಣುವುದು ಬಹುಮಾನದ ಮೊತ್ತ. 2024ರ ಕ್ಯಾಪ್‌ಕಾಮ್ ಕಪ್‌ನಲ್ಲಿ 'ಸ್ಟ್ರೀಟ್ ಫೈಟರ್ 6' ಆಡಿ ಗೆದ್ದ ತೈವಾನಿನ ಆಟಗಾರನಿಗೆ ಸಿಕ್ಕಿದ್ದು 10 ಲಕ್ಷ ಡಾಲರ್. ಟೂರ್ನಿ ನಡೆಸುವುದು ಆಟ ತಯಾರಿಸಿದ ಕಂಪನಿಯೇ. ಹಳೆಯ ಕ್ರಮ ಬೇರೆ: ಸ್ಪರ್ಧಿಗಳು ಕಟ್ಟಿದ ಪ್ರವೇಶ ಶುಲ್ಕವೇ ಒಟ್ಟುಗೂಡಿ ಬಹುಮಾನವಾಗುತ್ತಿತ್ತು. ಗೆದ್ದವನ ಕೈಗೆ ಹಣ ಬರುತ್ತಿದ್ದದ್ದು ಸೋತವರ ಜೇಬಿನಿಂದ.

ಆ ಕಾಲದ ಒಂದು ವಿಡಿಯೋವನ್ನು ನಾನು ಪಠ್ಯವೆಂದೇ ಓದುತ್ತೇನೆ. 2004, ಕ್ಯಾಲಿಫೋರ್ನಿಯಾದ ಇವೋ ಟೂರ್ನಿ, ಆಟ 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್'. ಜಪಾನಿನ ಡೈಗೊ ಉಮೆಹಾರಾ ಆಡಿಸುತ್ತಿದ್ದ ಕೆನ್‌ಗೆ ಉಳಿದದ್ದು ಗುಟುಕು ಜೀವ. ಅಮೆರಿಕದ ಜಸ್ಟಿನ್ ವಾಂಗ್, ಚುನ್-ಲಿಯ 15 ಏಟಿನ ಸೂಪರ್ ದಾಳಿ ಬಿಡುತ್ತಾನೆ. ಸುಮ್ಮನೆ ಅಡ್ಡ ಹಿಡಿದರೂ ಸಾವೇ. ಪ್ರತಿ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯತ್ತ ತಳ್ಳಬೇಕು. ಡೈಗೊ 15ನ್ನೂ ತಡೆದು, ತಿರುಗಿ ಹೊಡೆದು ಗೆಲ್ಲುತ್ತಾನೆ.

ಆದರೆ ಅದು ಫೈನಲ್ ಅಲ್ಲ. ಒಮ್ಮೆ ಸೋತವರ ಗುಂಪಿನ ಕೊನೆಯ ಪಂದ್ಯ. ಫೈನಲ್‌ನಲ್ಲಿ ಡೈಗೊ ಸೋತ. ಬಹುಮಾನದ ಪಟ್ಟಿಯಲ್ಲಿ ಅವನದು ಎರಡನೇ ಸಾಲು.

ಹಣ ಬೇಡವೆಂದು ನಾನು ಹೇಳುತ್ತಿಲ್ಲ. ದಿನವಿಡೀ ಅಭ್ಯಾಸ ಮಾಡುವವರಿಗೂ ಬಾಡಿಗೆ, ಊಟ, ವಿಮಾನದ ಟಿಕೆಟ್ ಇದ್ದೇ ಇವೆ. ನನ್ನ ತಕರಾರು ಮೊತ್ತವೇ ಕಥೆಯಾಗುವುದರ ಬಗ್ಗೆ. ಒಬ್ಬನಿಗೇ 10 ಲಕ್ಷ ಕೊಟ್ಟಾಗ ಉಳಿದ ಪಂದ್ಯಗಳೆಲ್ಲ ಅವನ ದಾರಿಯ ಮೆಟ್ಟಿಲುಗಳಾಗಿ ಕಾಣತೊಡಗುತ್ತವೆ. ಇಪ್ಪತ್ತು ವರ್ಷಗಳ ನಂತರವೂ ಜನ ಹುಡುಕಿ ನೋಡುವುದು ಮಾತ್ರ ಅಂಥದೊಂದು ಮೆಟ್ಟಿಲನ್ನೇ. ಸಾಹಿತ್ಯದ ಬಹುಮಾನಗಳ ಬಗ್ಗೆ ಬರೆಯುವ ನಾವೂ ಪಟ್ಟಿಯ ಎರಡನೇ ಸಾಲನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕು.