ಹಳೆಯ ಕಾರಿಗೆ ಮೋಟಾರು: ಎಲ್ಲಿ ಜೋಡಿಸಬೇಕು?

ಪೆಟ್ರೋಲ್ ಅಥವಾ ಡೀಸೆಲ್ ಕಾರನ್ನು ಹೈಬ್ರಿಡ್ ಮಾಡುವಾಗ ಎಂಜಿನ್ ಇದ್ದಲ್ಲೇ ಇರುತ್ತದೆ. ಅದರ ಜೊತೆಗೆ ಒಂದು ವಿದ್ಯುತ್ ಮೋಟಾರು, ಬ್ಯಾಟರಿ, ಎರಡನ್ನೂ ಹಿಡಿತದಲ್ಲಿಡುವ ಕಂಟ್ರೋಲರ್ ಸೇರುತ್ತವೆ. ಮೋಟಾರು ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ಮೊದಲ ಜಾಗ ಎಂಜಿನ್ನಿನ ಪುಲ್ಲಿ. ಗ್ಯಾರೇಜಿನವರು ಡೈನಮೊ ಎನ್ನುವ ಆಲ್ಟರ್ನೇಟರಿನಂತೆ ಮೋಟಾರನ್ನೂ ಬೆಲ್ಟಿನಿಂದ ಕ್ರ್ಯಾಂಕಿಗೆ ಕಟ್ಟಲಾಗುತ್ತದೆ. ಪುಣೆಯ ಕೆಪಿಐಟಿ ಸಂಸ್ಥೆ 2010ರಲ್ಲಿ ತೋರಿಸಿದ 'ರೆವೊಲೊ' ಕಿಟ್ ಈ ಜಾತಿಯದು. ಬೆಂಗಳೂರಿನಲ್ಲಿ ಆಲ್ಟಿಗ್ರೀನ್ ಕಂಪನಿ ಹಳೆಯ ವಾಹನಗಳಿಗೆಂದೇ 'ಹೈಪಿಕ್ಸಿ' ಎಂಬ ಹೈಬ್ರಿಡ್ ಕಿಟ್ ರೂಪಿಸಿತ್ತು. ಮುಂದೆ ಆ ಕಂಪನಿ ಮೂರು ಚಕ್ರದ ವಿದ್ಯುತ್ ವಾಹನಗಳತ್ತ ಹೊರಳಿತು. ಬೆಲ್ಟಿನ ವಿಧಾನದಲ್ಲಿ ಕಾರನ್ನು ಹೆಚ್ಚು ಬಿಚ್ಚಬೇಕಿಲ್ಲ. ಆದರೆ ಮೋಟಾರು ತಿರುಗಿದಾಗಲೆಲ್ಲ ಎಂಜಿನ್ನೂ ತಿರುಗಬೇಕು, ಬ್ರೇಕ್ ಒತ್ತಿದಾಗ ಮರಳಬೇಕಾದ ಶಕ್ತಿಯಲ್ಲಿ ಒಂದು ಪಾಲನ್ನು ಎಂಜಿನ್ನೇ ನುಂಗುತ್ತದೆ.

ಎರಡನೆಯ ಜಾಗ ಹಿಂದಿನ ಚಕ್ರಗಳು. ಆಲ್ಟೊ, ವ್ಯಾಗನ್ಆರ್, ಸ್ಯಾಂಟ್ರೊಗಳಂಥ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದಿನವು ಸುಮ್ಮನೆ ಉರುಳುತ್ತವೆ. ಅಲ್ಲಿ ಮೋಟಾರು ಕೂರಿಸಿದರೆ ಎಂಜಿನ್ನಿಗೂ ಮೋಟಾರಿಗೂ ನಡುವೆ ಇರುವ ನಂಟು ರಸ್ತೆ ಒಂದೇ. ತಾಂತ್ರಿಕವಾಗಿ ಇದೇ ಚೆಂದದ ಹಾದಿ, ಕೆಲಸ ಮಾತ್ರ ಕಷ್ಟದ್ದು.

ಎಷ್ಟು ಉಳಿಯುತ್ತದೆ? ಬೆಂಗಳೂರಿನ ಬ್ಯಾಡರಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ಸುಮನಹಳ್ಳಿ, ಕಾಮಾಕ್ಷಿಪಾಳ್ಯ ದಾಟುವ ಕಾರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 1,000 ಕಿಲೊ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ 50,000 ಜೌಲ್, ಅಂದರೆ ಸುಮಾರು 14 ವ್ಯಾಟ್-ಅವರ್. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಅದರಲ್ಲಿ ಅರ್ಧ ಮರಳಿ ಸಿಕ್ಕರೆ ಅದೇ ಹೆಚ್ಚು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದ್ದರೂ ಚಕ್ರಕ್ಕೆ ತಲುಪುವುದು ಕಾಲುಭಾಗಕ್ಕಿಂತ ಕಡಿಮೆ. ಅಷ್ಟನ್ನು ಬ್ರೇಕಿನಿಂದಲೇ ತುಂಬಿಕೊಳ್ಳಲು ಸುಮಾರು 300 ಸಲ ನಿಲ್ಲಬೇಕು! ಬ್ರೇಕಿನ ಶಕ್ತಿಯೊಂದನ್ನೇ ನಂಬಿ ಕಿಟ್ ಹಾಕಿಸುವುದು ತಪ್ಪು ಲೆಕ್ಕ. ಮನೆಯಲ್ಲಿ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಬ್ಯಾಟರಿ ಇರಬೇಕು. 3 ಯೂನಿಟ್ ತುಂಬಿದರೆ ಸರಿಸುಮಾರು ಒಂದು ಲೀಟರಿನ ಕೆಲಸ ನಡೆಯುತ್ತದೆ. ಮೊದಲ ಗೇರಿನಲ್ಲಿ ತೆವಳುವಾಗ ಮೋಟಾರಿನ ಒತ್ತಾಸೆಯಿಂದ ಸಿಗುವ ಲಾಭ ಬೇರೆ.

ಎಂಜಿನ್ ಆರಿಸಿ ಮೋಟಾರಿನಲ್ಲೇ ಓಡಿಸುವ ಆಸೆಗೆ ಹಳೆಯ ಕಾರು ಅಷ್ಟು ಸುಲಭವಾಗಿ ಒಗ್ಗದು. ಬ್ರೇಕ್ ಬೂಸ್ಟರಿನ ನಿರ್ವಾತ, ಹೈಡ್ರಾಲಿಕ್ ಪವರ್ ಸ್ಟೀರಿಂಗ್, ಎ.ಸಿ. ಕಂಪ್ರೆಸರ್, ಇವೆಲ್ಲಕ್ಕೂ ಎಂಜಿನ್ನೇ ಆಸರೆ. ಅದು ನಿಂತರೆ ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ವಿದ್ಯುತ್ತಿನ ವ್ಯಾಕ್ಯೂಮ್ ಪಂಪ್ ಇಲ್ಲದ ಕಿಟ್‌ನಲ್ಲಿ ಎಂಜಿನ್ ಆರಿಸಿ ಓಡಿಸುವುದು ಅಪಾಯಕಾರಿ. ಈ ವಿಷಯದಲ್ಲಿ ರಿಯಾಯಿತಿ ಸಲ್ಲದು. ಬ್ಯಾಟರಿ ಸಾಮಾನ್ಯವಾಗಿ ಡಿಕ್ಕಿ ಸೇರುವುದರಿಂದ ಹಿಂದಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನೂ ನೋಡಿಸಬೇಕಾಗುತ್ತದೆ. ಇದಕ್ಕೆಲ್ಲ ಮೊದಲು ಎಂಜಿನ್ನಿನ ಕಂಪ್ರೆಷನ್ ಅಳೆಸುವುದು ಒಳ್ಳೆಯದು. ಆಯಿಲ್ ಕುಡಿಯುವ ಎಂಜಿನ್ನಿಗೆ ಮೋಟಾರು ಔಷಧಿಯಲ್ಲ.

ಕಾನೂನಿನಲ್ಲಿ ಇದಕ್ಕೆ ಜಾಗವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2016ರಲ್ಲಾದ ತಿದ್ದುಪಡಿಯ ಪ್ರಕಾರ, ಒಟ್ಟು ತೂಕ 3,500 ಕಿಲೊ ಮೀರದ, ಭಾರತ್ ಸ್ಟೇಜ್ 2 ಅಥವಾ ಅದರ ನಂತರದ ಮಟ್ಟದ ವಾಹನಗಳಿಗೆ ಹೈಬ್ರಿಡ್ ಕಿಟ್ ಹಾಕಿಸಬಹುದು. ಕಿಟ್ ಎಐಎಸ್-123 ಮಾನದಂಡದಡಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರಬೇಕು, ಜೋಡಿಸುವವರು ತಯಾರಕರ ಅಧಿಕೃತ ಕುಶಲಕರ್ಮಿಗಳಾಗಿರಬೇಕು. ಸ್ವಂತ ಕೈಚಳಕದ ಜೋಡಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಆರ್‌ಟಿಒ ಮುಂದೆ ನಿಲ್ಲದು. ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು, ವಿಮಾ ಕಂಪನಿಗೂ ತಿಳಿಸಬೇಕು.