ಬೀಸ್ಲಿ ಸಮಿತಿಯ ವರದಿ: ಒಂದು ವಿಮರ್ಶೆ

ವಿಜ್ಞಾನದಲ್ಲಿ ನಡೆದ ವಂಚನೆಯ ಕಥೆಗಳು ಹೇರಳವಾಗಿ ದೊರೆಯುತ್ತವೆ. ಆಪಾದನೆಯನ್ನು ವಿಚಾರಿಸಿದ ಕ್ರಮವನ್ನು ಆಮೂಲಾಗ್ರವಾಗಿ ತೋರಿಸುವ ಬರಹಗಳು ವಿರಳ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜರ್ಮನ್ ಭೌತವಿಜ್ಞಾನಿ ಹೆಂಡ್ರಿಕ್ ಷೋನ್ ಅವರ ಮೇಲಣ ಆರೋಪಗಳನ್ನು ಕುರಿತು, ಮಾಲ್ಕಮ್ ಬೀಸ್ಲಿ ಅವರ ಅಧ್ಯಕ್ಷತೆಯ ಐವರ ಸಮಿತಿಯು 2002ರ ಸೆಪ್ಟೆಂಬರಿನಲ್ಲಿ ಒಪ್ಪಿಸಿದ ವರದಿಯು ಅಂತಹವುಗಳಲ್ಲೊಂದು. ಅದನ್ನು ಒಂದು ಗ್ರಂಥವನ್ನು ಪರೀಕ್ಷಿಸುವಂತೆಯೇ ಇಲ್ಲಿ ಪರೀಕ್ಷಿಸಬಯಸುತ್ತೇವೆ.

ಪ್ರಸಂಗವು ವಾಚಕರಿಗೆ ತಿಳಿದದ್ದೇ. ಸಾವಯವ ಹರಳುಗಳಲ್ಲಿ ಅತಿವಾಹಕತೆ, ಅಣುಗಾತ್ರದ ಟ್ರಾನ್ಸಿಸ್ಟರು ಮೊದಲಾದ ಬೆರಗಿನ ಫಲಿತಾಂಶಗಳು ‘ನೇಚರ್’, ‘ಸೈನ್ಸ್’ ಪತ್ರಿಕೆಗಳಲ್ಲಿ ಒಂದರ ಹಿಂದೊಂದು ಬಂದುವು. ಇತರ ಪ್ರಯೋಗಾಲಯಗಳಲ್ಲಿ ಅವು ಮರುಕಳಿಸಲಿಲ್ಲ. ಗುಟ್ಟು ಹೊರಬಿದ್ದುದು ಅಳತೆಯ ಗದ್ದಲದಿಂದ. ಉಪಕರಣದಲ್ಲಿ ತಾನಾಗಿ ಏಳುವ ಅಡ್ಡಾದಿಡ್ಡಿ ಏರಿಳಿತವು ಎರಡು ಸಲ ಒಂದೇ ಬಗೆಯಾಗಿ ಏಳಲಾರದು. ಬೇರೆ ಬೇರೆ ಪ್ರಯೋಗಗಳೆಂದು ಅಚ್ಚಾದ ರೇಖಾಚಿತ್ರಗಳಲ್ಲಿ ಅದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಾಣಿಸಿತು.

ವರದಿಯ ಗುಣವನ್ನು ಮೊದಲು ಹೇಳಬೇಕು. ದುರ್ನಡತೆಯೆಂದರೇನು, ಎಷ್ಟು ಪುರಾವೆ ಸಾಕು ಎಂಬುದನ್ನು ಸಮಿತಿಯು ಸ್ಪಷ್ಟವಾಗಿ ನಿರ್ದೇಶಿಸಿದೆ. 24 ಆಪಾದನೆಗಳನ್ನು ಅಂಕಿಅಂಶಗಳ ಅದಲುಬದಲು, ನಂಬಲಾಗದಷ್ಟು ನಿಖರತೆ, ತಿಳಿದ ಭೌತನಿಯಮಗಳೊಡನೆ ವಿರೋಧ ಎಂದು ವಿಂಗಡಿಸಿದೆ. ಆಪಾದಿತನ ಉತ್ತರವನ್ನೂ ಕೇಳಿ ತೂಗಿದೆ. ಮೂಲ ದತ್ತಾಂಶವೆಲ್ಲಿ ಎಂದರೆ, ಕಂಪ್ಯೂಟರಿನಲ್ಲಿ ಸ್ಥಳ ಸಾಲದೆ ಅಳಿಸಿದೆನೆಂಬ ಉತ್ತರ! ಕ್ರಮವಾದ ಟಿಪ್ಪಣಿ ಪುಸ್ತಕಗಳೂ ಇರಲಿಲ್ಲ. ಇಷ್ಟಾದರೂ ಸಮಿತಿಯು ಸಾರಾಸಗಟಾಗಿ ತೀರ್ಪು ನೀಡಲಿಲ್ಲ. 16 ಆಪಾದನೆಗಳು ರುಜುವಾತಾದುವೆಂದಿತು. ಉಳಿದ ಎಂಟರಲ್ಲಿ ಎರಡಕ್ಕೆ ಪ್ರಕಟಿತ ಲೇಖನಗಳೊಡನೆ ಸ್ಪಷ್ಟ ಸಂಬಂಧ ಕಾಣಲಿಲ್ಲ. ಆರು ಕಳವಳಕಾರಿಯಾದರೂ ಪುರಾವೆ ಸಾಲದೆಂದು ಕೈಬಿಟ್ಟಿತು. ಹದಿನಾರು ಕಡೆ ತಪ್ಪಿದವನಿಗೆ ಹದಿನೇಳನೆಯದರಲ್ಲಿಯೂ ಸಂಶಯದ ಲಾಭವನ್ನು ಕೊಡುವುದು ಸುಲಭವಲ್ಲ. ಈ ಸಂಯಮವೇ ವರದಿಯ ಶ್ರೇಷ್ಠ ಭಾಗವೆಂದು ನಮ್ಮ ಮತ.

ಆದರೆ ಸಹಲೇಖಕರ ವಿಷಯಕ್ಕೆ ಬಂದಾಗ ಬರಹದ ಬಿಗಿ ಸಡಿಲವಾಗುತ್ತದೆ. ಮುಖ್ಯ ಅಳತೆಗಳಲ್ಲಿ ಒಂದನ್ನಾದರೂ ಬೇರೆ ಯಾರೂ ಕಣ್ಣಾರೆ ಕಂಡಿರಲಿಲ್ಲವೆಂದು ಸಮಿತಿಯೇ ಬರೆಯುತ್ತದೆ. ಬಳಿಕ ಸಹಲೇಖಕರೆಲ್ಲರೂ ದುರ್ನಡತೆಯಿಂದ ಮುಕ್ತರೆನ್ನುತ್ತದೆ. ಕಾಣದಿದ್ದವರು ವಂಚಕರಲ್ಲವೆಂಬುದು ನ್ಯಾಯವೇ. ಆದರೆ ಕಾಣದೆ ಹೆಸರು ಕೊಟ್ಟುದು ಏನು? ಹಿರಿಯ ಸಹಲೇಖಕರಾದ ಬರ್ಟ್ರಾಮ್ ಬಾಟ್ಲಾಗ್ ಅವರು ಇಂತಹ ಅಸಾಧಾರಣ ಫಲಿತಾಂಶಗಳಿಗೆ ಅಸಾಧಾರಣ ಪರಿಶೀಲನೆಯನ್ನು ಒತ್ತಾಯಿಸಬೇಕಿತ್ತಲ್ಲವೆ ಎಂಬ ಪ್ರಶ್ನೆಯನ್ನು ವರದಿಯು ಎತ್ತುತ್ತದೆ. ಹೊಣೆಯ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲವೆಂದು ಉತ್ತರ ಕೊಡದೆ ಸರಿಯುತ್ತದೆ. ಒಮ್ಮತವಿಲ್ಲದ ಕಡೆ ತನ್ನ ಅಭಿಪ್ರಾಯವನ್ನಾದರೂ ದಾಖಲಿಸಬಹುದಿತ್ತು. ಅದಕ್ಕೆ ಬೇಕಾದ ಅಧಿಕಾರವೂ ಪಾಂಡಿತ್ಯವೂ ಆ ಐವರಲ್ಲಿದ್ದುವು. ಮಾರ್ಗದರ್ಶಕರ ಹೆಸರಿಲ್ಲದೆ ಲೇಖನ ಹೊರಡುವುದೇ ಅಪರೂಪವಾದ ನಮ್ಮ ವಿಭಾಗಗಳಲ್ಲಿ ಈ ಮೌನವನ್ನು ಲಘುವಾಗಿ ಓದಲಾಗದು.

ಮುಂದೆ ಶಿಕ್ಷೆಯೆಲ್ಲ ಒಬ್ಬನ ಪಾಲಿಗೇ ಬಂದಿತು. ಪ್ರಬಂಧದಲ್ಲಿ ವಂಚನೆ ಕಾಣದಿದ್ದರೂ ಕಾನ್‌ಸ್ಟಾಂಟ್ಸ್ ವಿಶ್ವವಿದ್ಯಾನಿಲಯವು 2004ರಲ್ಲಿ ಷೋನ್ ಅವರ ಡಾಕ್ಟರೇಟನ್ನು ಹಿಂತೆಗೆದುಕೊಂಡಿತು. ಜರ್ಮನಿಯ ಸರ್ವೋಚ್ಚ ಆಡಳಿತ ನ್ಯಾಯಾಲಯವು 2013ರಲ್ಲಿ ಅದನ್ನು ಎತ್ತಿಹಿಡಿಯಿತು. ಇತ್ತ ಅಮೆರಿಕದ ಭೌತವಿಜ್ಞಾನ ಸಂಘವು 2002ರ ನವೆಂಬರಿನಲ್ಲಿಯೇ ತನ್ನ ನಿಯಮಗಳನ್ನು ತಿದ್ದಿ, ಕಿರಿಯರಿಗೆ ವೈಜ್ಞಾನಿಕ ನಾಯಕತ್ವವನ್ನು ಕೊಡುವ ಸಹಲೇಖಕರು ಇಡೀ ಲೇಖನಕ್ಕೆ ಹೊಣೆಯೆಂದು ಸೇರಿಸಿತು. ಬೀಸ್ಲಿ ಸಮಿತಿಯು ಪ್ರಶ್ನೆಯಾಗಿಯೇ ಉಳಿಸಿದ ಮಾತು ಎರಡೇ ತಿಂಗಳಲ್ಲಿ, ಬೇರೊಂದು ಮೇಜಿನ ಮೇಲೆ, ವಿಧಿಯಾಯಿತು.