ಮೀಟರ್ ಬಿಚ್ಚುವ ಮೊದಲು ಅರ್ಥ್ ನೋಡಿ

ಇಂಡಿಕೇಟರ್ ಹಾಕಿದಾಗ ಪೆಟ್ರೋಲ್ ಮುಳ್ಳು ಅದರ ತಾಳಕ್ಕೆ ಕುಣಿಯುತ್ತಿದೆಯೇ? ಹೆಡ್‌ಲೈಟ್ ಹಚ್ಚಿದ ಕೂಡಲೇ ಟೆಂಪರೇಚರ್ ಮುಳ್ಳು ಜಾಗ ಬದಲಿಸುತ್ತಿದೆಯೇ? ಹಾಗಿದ್ದರೆ ಮೀಟರ್ ಕೆಟ್ಟಿದೆ ಎಂದು ಯಾರು ಹೇಳಿದರೂ ತಕ್ಷಣ ಒಪ್ಪಬೇಡಿ. ಎರಡು ಬೇರೆ ಬೇರೆ ಸಾಮಾನು ಒಟ್ಟಿಗೆ ತಪ್ಪು ಮಾಡುತ್ತಿವೆ ಎಂದರೆ, ಅವೆರಡಕ್ಕೂ ಸಮಾನವಾಗಿರುವ ಅರ್ಥ್ ಮೇಲೆ ಮೊದಲ ಅನುಮಾನ ಬರಬೇಕು.

ಅಳವಂಡಿಯ ರೈತರೊಬ್ಬರ ಮಾರುತಿ 800ಕ್ಕೆ ಇದೇ ಕಾಯಿಲೆ. "ಮೀಟರ್ ಹೋಗೇತ್ರಿ, ಹೊಸಾದು ಹಾಕಬೇಕು" ಎಂದು ಗ್ಯಾರೇಜೊಂದರಲ್ಲಿ ಹೇಳಿ ಕಳಿಸಿದ್ದರಂತೆ. ನಾವು ಬೋರ್ಡ್ ಬಿಚ್ಚಲಿಲ್ಲ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ಕಡ್ಡಿಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕಪ್ಪು ವೈರುಗಳೆಲ್ಲ ಬಾಡಿಗೆ ಸೇರುವ ಥಿಂಬಲ್‌ಗೆ ಮುಟ್ಟಿಸಿ, ಲೈಟು, ವೈಪರ್, ಹೀಟರ್ ಫ್ಯಾನ್ ಎಲ್ಲ ಹಾಕಿಸಿದೆವು. ಅಲ್ಲಿ 0.1 ವೋಲ್ಟ್ ಇರಬೇಕು, ಹೆಚ್ಚೆಂದರೆ 0.2. ತೋರಿಸಿದ್ದು ಒಂದು ವೋಲ್ಟಿಗೂ ಮಿಕ್ಕಿ. ಬೋಲ್ಟ್ ಬಿಚ್ಚಿದರೆ ಥಿಂಬಲ್ ತುಂಬ ಹಸಿರು ಕಿಲುಬು, ಅಡಿಯಲ್ಲಿ ತುಕ್ಕು, ಸಂದಿಯಲ್ಲಿ ಎರೆಮಣ್ಣಿನ ಧೂಳು. ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದ್ದಷ್ಟೇ. ಮುಳ್ಳು ಕುಣಿಯುವುದನ್ನು ಬಿಟ್ಟಿತು.

ಬ್ಯಾಟರಿಯಿಂದ ಹೊರಟ ಕರೆಂಟು ಬಾಡಿಯ ಮೂಲಕ ಬ್ಯಾಟರಿಗೇ ಮರಳಬೇಕು. ಆ ದಾರಿ ಕಟ್ಟಿಕೊಂಡರೆ ಅದು ಪಕ್ಕದ ಬಲ್ಬು, ಮೀಟರುಗಳ ಒಳಹೊಕ್ಕು ದಾರಿ ಹುಡುಕುತ್ತದೆ. ಹೆಡ್‌ಲೈಟಿಗಂತೂ ಇದರ ಪೆಟ್ಟು ಜೋರು. ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಕತ್ತಲಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಹಿಂದೆ ಬಂದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಬ್ರಿಟಿಷ್ ಮೂಲದ ಹಳೆಯ ಕಾರುಗಳ ಡ್ಯಾಶ್‌ಬೋರ್ಡ್ ನನಗೆ ಬಲು ಇಷ್ಟ. ಅವುಗಳ ವೈರಿಂಗ್ ಓದಲು ಬರುತ್ತದೆ: ಲೂಕಾಸ್ ಪದ್ಧತಿಯಲ್ಲಿ ಕಂದು ವೈರಿನಲ್ಲಿ ಸದಾ ಕರೆಂಟು, ಬಿಳಿಯದು ಕೀ ತಿರುಗಿಸಿದ ಮೇಲೆ, ಹಸಿರು ಫ್ಯೂಜ್ ದಾಟಿ ಬಂದದ್ದು, ಕಪ್ಪು ಅರ್ಥ್. ಇಂಥ ಹಲವು ಕಾರುಗಳಲ್ಲಿ ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರುಗಳಿಗೆ ಸರಾಸರಿ 10 ವೋಲ್ಟ್ ಕೊಡುವ ಪುಟ್ಟ ಸ್ಟೆಬಿಲೈಜರ್ ಡಬ್ಬಿಯೊಂದು ಇರುತ್ತದೆ. ಅದರ ಅರ್ಥ್ ಬಿಟ್ಟರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನುಗ್ಗಿ ಎರಡೂ ಮುಳ್ಳು ಮೇಲೆ ಹೋಗುತ್ತವೆ. ಟ್ಯಾಂಕ್ ತುಂಬಿದೆ, ಇಂಜಿನ್ ಕಾದಿದೆ, ಎರಡೂ ಸುಳ್ಳು!

ಬ್ಯಾಟರಿ ಚಿತ್ರವಿರುವ ಕೆಂಪು ಲೈಟನ್ನೂ ಕಡೆಗಣಿಸಬೇಡಿ. ಆಲ್ಟರ್ನೇಟರ್ ಇರುವ ಅನೇಕ ಗಾಡಿಗಳಲ್ಲಿ ಅದನ್ನು ಎಬ್ಬಿಸುವ ಮೊದಲ ಕರೆಂಟು ಹಾದುಬರುವುದೇ ಈ ಸಣ್ಣ ಬಲ್ಬಿನ ಮೂಲಕ. ಕೀ ಹಾಕಿದಾಗ ಅದು ಹತ್ತದಿದ್ದರೆ ಚಾರ್ಜೇ ಆಗದಿರಬಹುದು. ಬ್ಯಾಟರಿ ಬದಲಿಸುವ ಮುನ್ನ ಬಲ್ಬ್ ಬದಲಿಸಿ ನೋಡಿ.

ಸುಗ್ಗಿಯಲ್ಲಿ ಜೋಳದ ಚೀಲಗಳ ಪಕ್ಕ ಕಾರು ನಿಲ್ಲಿಸುವವರಿಗೆ ಇಲಿಕಾಟ ಬೇರೆ. ಇಲಿ ಕಡಿದ ವೈರನ್ನು ಬರಿದೇ ತಿರುಚಿ ಟೇಪ್ ಸುತ್ತಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ ಏರಿಸಿ. ಆಮೇಲೆ ಫ್ಯೂಜ್ ಪೆಟ್ಟಿಗೆ ತೆರೆಯಿರಿ. ಚಪ್ಪಟೆ ಫ್ಯೂಜುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪಿನ ಜಾಗದಲ್ಲಿ ಹಸಿರು ಕೂತಿದ್ದರೆ, ಅಥವಾ ಯಾರಾದರೂ ತಂತಿ ಸುತ್ತಿಟ್ಟಿದ್ದರೆ, ಶಾರ್ಟ್ ಆದಾಗ ಸುಡುವುದು ಫ್ಯೂಜಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್. ಅಂಥ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ. ಸರಿಯಾದ ಫ್ಯೂಜು ಕೊಪ್ಪಳದ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಚಿಲ್ಲರೆ ಕಾಸಿಗೆ ಸಿಗುತ್ತದೆ.